ಗೆಡ್ಡೆಯ ಸುದ್ದಿ ಮುಟ್ಟಿಸುವ ಕೋಶ

ಕ್ಯಾನ್ಸರ್ ಗೆಡ್ಡೆಯನ್ನು ಕೊಲ್ಲುವುದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶ. ಹೆಸರೆಲ್ಲ ಅದಕ್ಕೇ. ಆದರೆ ಯಾರನ್ನು ಕೊಲ್ಲಬೇಕೆಂಬುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ, ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡುವ ಕೋಶವನ್ನು 1973ರಲ್ಲಿ ಇಲಿಯ ಗುಲ್ಮದಲ್ಲಿ ಗುರುತಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್. ಮೈಯೆಲ್ಲ ಕೊಂಬೆ ಚಾಚಿದ್ದ ಅದಕ್ಕೆ ಡೆಂಡ್ರಿಟಿಕ್ ಕೋಶ ಎಂದು ಹೆಸರಿಟ್ಟರು. ನೂರು ಕೋಶ ಹುಡುಕಿದರೆ ಒಂದು ಸಿಗುವಷ್ಟು ವಿರಳ. ಹೇಳಿಕೊಡುವ ಕೆಲಸ ಮ್ಯಾಕ್ರೋಫೇಜ್ ಎಂಬ ಇನ್ನೊಂದು ರೋಗನಿರೋಧಕ ಕೋಶದ್ದು ಎಂದು ನಂಬಿದ್ದ ಸಹೋದ್ಯೋಗಿಗಳು ಬಹಳ ವರ್ಷ ಒಪ್ಪಲಿಲ್ಲ. ಟಿ ಕೋಶಗಳನ್ನು ಕೆರಳಿಸುವುದರಲ್ಲಿ ಗುಲ್ಮದ ಇತರ ಕೋಶಗಳಿಗಿಂತ ಇದು ಕನಿಷ್ಠ ನೂರು ಪಟ್ಟು ಮುಂದು ಎಂದು 1978ರಲ್ಲಿ ಸ್ಟೈನ್‌ಮನ್ ತೋರಿಸಿದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ.

ಡೆಂಡ್ರಿಟಿಕ್ ಕೋಶ ಸತ್ತ ಗೆಡ್ಡೆಕೋಶದ ಚೂರುಗಳನ್ನು ನುಂಗಿ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿ ಆ ಚೂರುಗಳನ್ನು ಮೈಮೇಲೆ ಹೊತ್ತು ತೋರಿಸುತ್ತದೆ. ಅದಕ್ಕೆ ಹೊಂದುವ ಕೊಲ್ಲುವ ಟಿ ಕೋಶ ಎಚ್ಚೆತ್ತು, ಸಾವಿರವಾಗಿ ಒಡೆದು, ಗೆಡ್ಡೆಯತ್ತ ಹೊರಡುತ್ತದೆ. ಇಲ್ಲೊಂದು ತೊಡಕಿತ್ತು. ಇನ್ನೊಂದು ಬಗೆಯ, ಸಹಾಯಕ ಟಿ ಕೋಶವಿಲ್ಲದೆ ಎಷ್ಟೋ ಸಲ ಕೊಲ್ಲುವ ಕೋಶ ಮೇಲೇಳುತ್ತಲೇ ಇರಲಿಲ್ಲ. ಇಷ್ಟು ವಿರಳವಾದ ಮೂರೂ ಕೋಶಗಳು ಒಂದೇ ಗಳಿಗೆಗೆ ಒಂದೇ ಕಡೆ ಸೇರುವುದುಂಟೆ? ದೊಡ್ಡ ಜಾತ್ರೆಯಲ್ಲಿ ಗೊತ್ತುಪಾಡಿಲ್ಲದೆ ಮೂವರು ನೆಂಟರು ಎದುರಾದ ಹಾಗೆ! 1998ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯ ಮೂರು ಪ್ರಬಂಧಗಳು ಇದನ್ನು ಬಿಡಿಸಿದವು. ಸಹಾಯಕ ಕೋಶ ಸಿಡಿ40 ಎಂಬ ಪ್ರೋಟೀನಿನ ಮೂಲಕ ಡೆಂಡ್ರಿಟಿಕ್ ಕೋಶವನ್ನು ಹುರಿದುಂಬಿಸಿ ಹೊರಟುಹೋಗಬಹುದು. ಕೊಲ್ಲುವ ಕೋಶ ಆಮೇಲೆ ಬಂದರೂ ನಡೆಯುತ್ತದೆ.

ಸ್ಟೈನ್‌ಮನ್ ಅವರಿಗೆ 2007ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಬೇರೆ ಚಿಕಿತ್ಸೆಗಳ ಜೊತೆಗೆ, ತಮ್ಮದೇ ಡೆಂಡ್ರಿಟಿಕ್ ಕೋಶಗಳಿಂದ ಮಾಡಿದ ಲಸಿಕೆಯನ್ನೂ ಹಾಕಿಸಿಕೊಂಡರು. ನಾಲ್ಕು ವರ್ಷ ಬದುಕಿದ್ದು ಅದರಿಂದಲೇ ಎನ್ನಲು ಒಬ್ಬ ರೋಗಿಯ ಕತೆ ಸಾಲದು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು; ಸಾವಿನ ಸುದ್ದಿ ತಿಳಿಯದ ಸಮಿತಿ ಮೂರು ದಿನಗಳ ನಂತರ ನೊಬೆಲ್ ಘೋಷಿಸಿತು. ಮರಣೋತ್ತರವಾಗಿ ಕೊಡಬಾರದೆಂಬ ನಿಯಮವಿದ್ದರೂ ಹಿಂತೆಗೆದುಕೊಳ್ಳಲಿಲ್ಲ.

ಒಂದು ಪ್ರಶ್ನೆ ಉಳಿದಿತ್ತು: ಚೂರುಗಳನ್ನು ನುಂಗಲು ಡೆಂಡ್ರಿಟಿಕ್ ಕೋಶವನ್ನು ಗೆಡ್ಡೆಗೆ ಕರೆಸುವವರು ಯಾರು? ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ಕಂಡುಕೊಂಡ ಉತ್ತರ: ನ್ಯಾಚುರಲ್ ಕಿಲ್ಲರ್ ಎಂಬ ಮತ್ತೊಂದು ಬಗೆಯ ರೋಗನಿರೋಧಕ ಕೋಶಗಳು. ಅವು ಗೆಡ್ಡೆಯೊಳಗಿಂದ ರಾಸಾಯನಿಕ ಸಂಕೇತ ಸೂಸಿ ಕರೆಯುತ್ತವೆ. ಗೆಡ್ಡೆಯೂ ಸುಮ್ಮನಿರುವುದಿಲ್ಲ; ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಸುರಿಸಿ ಆ ಕೂಗನ್ನು ಅಡಗಿಸುತ್ತದೆ, ಡೆಂಡ್ರಿಟಿಕ್ ಕೋಶದ ಕಿವಿಯನ್ನೂ ಮಂದ ಮಾಡುತ್ತದೆ.