ಹಂಡೆಯೊಳಗಿನ ಟ್ರಾವರ್ಟೈನ್

ಹಿರಿಯೂರಿನ ನಮ್ಮ ಮನೆಯಲ್ಲಿ ಬೋರ್ ನೀರು ಕಾಯಿಸಿ ಕಾಯಿಸಿ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತೆ. ರಜೆಗೆ ಹೋದಾಗ ಅದನ್ನು ಕೆರೆಯೋ ಕೆಲಸ ನಂದು. ಈ ಸಲ ಒಂದು ಚೂರಿನ ಮೇಲೆ ನಿಂಬೆರಸ ಹಿಂಡಿದೆ. ಬುಸ್ ಅಂತ ನೊರೆ ಬಂತು. ಅಂದ್ರೆ ಅದರಲ್ಲಿ ಕಾರ್ಬೊನೇಟ್ ಇದೆ. ಗಡಸು ನೀರಿನ ಪದರದಲ್ಲಿ ಬಹುಪಾಲು ಇರೋದು ಕ್ಯಾಲ್ಸಿಯಂ ಕಾರ್ಬೊನೇಟ್. ರೋಮಿನ ಕೊಲೋಸಿಯಂ ಕಟ್ಟಿದ ಟ್ರಾವರ್ಟೈನ್ ಕಲ್ಲಿನಲ್ಲಿ ಇರೋದೂ ಅದೇ!

ಅದು ಕಲ್ಲಾಗೋದು ಹೇಗೆ? ಮಳೆನೀರು ಮಣ್ಣಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ದುರ್ಬಲ ಆಮ್ಲವಾಗುತ್ತೆ. ಕಲ್ಲಿನಿಂದ ಕ್ಯಾಲ್ಸಿಯಂ ಕರಗಿಸಿಕೊಂಡು ಹರಿಯುತ್ತೆ. ಮುಂದೆ ಬುಗ್ಗೆಯಾಗಿ ಹೊರಬಂದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂರುತ್ತೆ. ಇದೇ ಟ್ರಾವರ್ಟೈನ್. ಅದರ ಮುಖ್ಯ ಖನಿಜ ಕ್ಯಾಲ್ಸೈಟ್. ಬಿಸಿನೀರಿನ ಬುಗ್ಗೆಗಳಲ್ಲಿ ಅರಗೊನೈಟ್ ಕೂಡ ಇರುತ್ತೆ. ಎರಡರ ಸೂತ್ರ ಒಂದೇ, ಹರಳಿನ ಜೋಡಣೆ ಬೇರೆ. ಕಬ್ಬಿಣ ಸೇರಿದರೆ ಹಳದಿ, ಕಂದು ಬಣ್ಣ ಬರುತ್ತೆ. ಹಂಡೆಯಲ್ಲಿ ಇದೇ ಕೆಲಸವನ್ನು ಒಲೆಯ ಬೆಂಕಿ ಬೇಗ ಮುಗಿಸುತ್ತೆ, ಅಷ್ಟೇ.

ನಮ್ಮ ಕಡೆಯ ಹೊಲಗಳಲ್ಲೂ ಇದರ ತಮ್ಮನನ್ನು ನೋಡಬಹುದು. ಕಪ್ಪು ಮಣ್ಣು ಅಗೆದರೆ ಸಿಗುವ ಬಿಳಿ ಸುಣ್ಣಕಲ್ಲಿನ ಉಂಡೆಗಳು ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಹಾಗಾಗಿ ಮಣ್ಣಿನ ನೀರು ಆವಿಯಾಗಿ, ಸುಣ್ಣ ಅಲ್ಲೇ ಉಳಿಯುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹಂಡೆಯ ಬಿಳಿ ಪದರ ನೋಡಿ ನಾವು ಹೆದರ್ತೀವಿ, ಆದರೆ ಅದು ಅಷ್ಟು ಅಪಾಯದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಫ್ಲೋರೈಟ್ ಆಗಿ ಕೂರುತ್ತೆ, ಹಾಗಾಗಿ ಫ್ಲೋರೈಡ್ ಒಂದು ಮಿತಿ ದಾಟಲ್ಲ. ಆದರೆ ನೆಲದೊಳಗೇ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಹೊರಟುಹೋದರೆ ಆ ತಡೆ ಇಲ್ಲ. ಗ್ರಾನೈಟಿನಂಥ ಕಲ್ಲುಗಳಿಂದ ಫ್ಲೋರೈಡ್ ಕರಗುತ್ತಾ ಹೋಗುತ್ತೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ಕಲೆಯೂ ಇಲ್ಲ.

ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 1.5. ವರ್ಷಗಟ್ಟಲೆ ಇದಕ್ಕಿಂತ ಹೆಚ್ಚು ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ಆಮೇಲೆ ಮೂಳೆಗೂ ತೊಂದರೆ. ಕುದಿಸಿದರೆ ಹೋಗುತ್ತೆ ಅಂತ ಅಮ್ಮ ನಂಬಿದ್ರು. ಹೋಗಲ್ಲ. ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರತೆ ಹೆಚ್ಚುತ್ತೆ. ತೆಗೆಯೋಕೆ ಆರ್‌ಓ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬೇಕು.

ಹೊಸದುರ್ಗ, ಹೊಳಲ್ಕೆರೆ, ದುರ್ಗದ ಕಡೆಯ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಬಾಟಲಿ ಬೋರ್ ನೀರು ಪರೀಕ್ಷೆಗೆ ಕೊಡಿ. ಹಂಡೆ ಆಮೇಲೆ ಕೆರೆದರಾಯ್ತು.