ಹಳ್ಳಿಯ ನೀರಿಗೆ ಯಾರು ಹೊಣೆ?

ದೇವದುರ್ಗದ ಹಳ್ಳಿಯೊಂದರಲ್ಲಿ ನೀರಿನ ಕೊಳವೆ ಒಡೆದರೆ ದೂರು ಹೊತ್ತು ರಾಯಚೂರಿಗೆ ಬರಬೇಕೆ? ಬೇಕಿಲ್ಲ. ಹಳ್ಳಿಯ ಕುಡಿಯುವ ನೀರು, ಬೀದಿದೀಪ, ಚರಂಡಿಗಳನ್ನು ನೋಡಿಕೊಳ್ಳುವ ಹೊಣೆ ಗ್ರಾಮ ಪಂಚಾಯತಿಯದು. ದೇವದುರ್ಗ ಪಟ್ಟಣದಲ್ಲಿ ಪುರಸಭೆಯದು.

ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಬೇರೆಬೇರೆ ಪ್ರಾಂತಗಳ ಪಂಚಾಯತಿಗಳನ್ನು 1959ರ ಕಾಯಿದೆ ಒಂದೇ ಕಟ್ಟಳೆಗೆ ತಂದಿತು. ಈಗ ನಡೆಯುತ್ತಿರುವುದು 1993ರ ಕಾಯಿದೆ. ಇದರಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡತಕ್ಕದ್ದು. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಸರ್ಕಾರದ ಮನೆ ಯಾರಿಗೆ ಸಲ್ಲಬೇಕೆಂಬ ಆಯ್ಕೆಯೂ ಅಲ್ಲಿಯೇ. ಜನ ಬಾರದ ಸಭೆಯಲ್ಲಿ ಬಡವನ ಹೆಸರು ಬಿಟ್ಟುಹೋದೀತು. ಆದುದರಿಂದ ಪಟ್ಟಣದಲ್ಲಿರುವವರು ಊರಿನ ನೆಂಟರನ್ನು ಮಾತನಾಡಿಸುವಾಗ, ಮಳೆಬೆಳೆಯ ಜೊತೆಗೆ ಗ್ರಾಮಸಭೆಯ ದಿನವನ್ನೂ ವಿಚಾರಿಸುವುದು ಒಳ್ಳೆಯದು.