ಕತ್ತಿ ಹೊರಗೆ, ಬಟ್ಟಲು ಒಳಗೆ

16ನೇ ಶತಮಾನದ ಜಪಾನಿನಲ್ಲಿ ಯುದ್ಧಗಳಿಗೆ ಬಿಡುವೇ ಇರಲಿಲ್ಲ. ಆ ಕಾಲದಲ್ಲಿ ಚಹಾಗುರು ಸೆನ್ ನೊ ರಿಕ್ಯು ರೂಢಿಗೆ ತಂದದ್ದು ಪುಟ್ಟ ಚಹಾಕೋಣೆ. ಅದರ ಬಾಗಿಲ ಎತ್ತರ ಎರಡಡಿಗಿಂತ ತುಸು ಹೆಚ್ಚು, ಅಷ್ಟೆ. ಸಮುರಾಯ್ ಎಷ್ಟೇ ದೊಡ್ಡವನಿರಲಿ, ಕತ್ತಿಯನ್ನು ಹೊರಗಿಟ್ಟು, ಮಂಡಿಯೂರಿ, ತಲೆ ತಗ್ಗಿಸಿಯೇ ಒಳಗೆ ಬರಬೇಕು. ಯೋಧರ ಪಾಲಿಗೆ ಇದು ಸಣ್ಣ ಮಾತಲ್ಲ.

ಒಳಗೆ ಗಟ್ಟಿ ಹಸಿರು ಚಹಾದ ಒಂದೇ ಬಟ್ಟಲು. ಒಬ್ಬರು ಗುಟುಕರಿಸಿ, ಅಂಚು ಒರೆಸಿ, ಪಕ್ಕದವರಿಗೆ ಕೊಡುತ್ತಾರೆ.

ಇಂದಿಗೂ ಹೇಳುವ ಐತಿಹ್ಯವೊಂದಿದೆ. ಇಂಥದೊಂದು ಚಹಾಕೂಟದಲ್ಲಿ, ಕುಷ್ಠರೋಗವಿದ್ದ ಓತಾನಿ ಯೋಶಿತ್ಸುಗು ಎಂಬ ಸಮುರಾಯ್ ಕುಡಿದ ಬಟ್ಟಲನ್ನು ತುಟಿಗೆ ತಾಕಿಸಲು ಉಳಿದವರು ಹಿಂಜರಿದರಂತೆ. ಇಶಿದಾ ಮಿತ್ಸುನಾರಿ ಎಂಬ ಇನ್ನೊಬ್ಬ ಸಮುರಾಯ್ ಮಾತ್ರ ಪೂರ್ತಿ ಕುಡಿದನಂತೆ. ಇತಿಹಾಸ ಖಚಿತವಾಗಿ ಹೇಳುವುದಿಷ್ಟು: 1600ರ ಸೆಕಿಗಹಾರ ಯುದ್ಧದಲ್ಲಿ ಯೋಶಿತ್ಸುಗು ಮಿತ್ಸುನಾರಿಯ ಪರ ನಿಂತು, ರಣರಂಗದಲ್ಲೇ ಪ್ರಾಣ ಬಿಟ್ಟ.